ಮೂಲವ್ಯಾಧಿಯ ಮೂಲ

ಸಾಹಿತ್ಯದ ಮಾಸಪತ್ರಿಕೆಯಲ್ಲಿ ಇಂಥ ವಿಷಯವೇ ಎಂದು ವಾಚಕಮಹಾಶಯರು ಹುಬ್ಬುಗಂಟಿಕ್ಕಿದರೆ ಅದು ಅವರ ತಪ್ಪಲ್ಲ. ಬರೆಯಲು ಕುಳಿತಾಗ ಮೊದಲು ನಾಚಿದವನು ನಾನೇ. ವಿರಹಜ್ವರವನ್ನು ವರ್ಣಿಸಿ ಕವಿಗಳು ಕೀರ್ತಿವಂತರಾದರು. ತಲೆನೋವನ್ನೂ ನೆಗಡಿಯನ್ನೂ ಕುರಿತು ಹಾಸ್ಯಪ್ರಬಂಧಗಳು ಹುಟ್ಟಿದುವು. ಆದರೆ ದೇಹದ ಅಧೋದ್ವಾರದಲ್ಲಿ ಹುಟ್ಟುವ ಬೇನೆಗೆ ಸಾಹಿತ್ಯದ ಬಾಗಿಲು ಮುಚ್ಚಿಯೇ ಇದೆ. ಆಯುರ್ವೇದದ ಆಚಾರ್ಯರಿಗೆ ಈ ಸಂಕೋಚವಿರಲಿಲ್ಲ. ದುಶ್ಚಿಕಿತ್ಸ್ಯವಾದ ಎಂಟು ಮಹಾರೋಗಗಳನ್ನು ಎಣಿಸುವಾಗ ಸುಶ್ರುತನು ವಾತವ್ಯಾಧಿ, ಪ್ರಮೇಹ, ಕುಷ್ಠಗಳ ಸಾಲಿನಲ್ಲಿಯೇ ಅರ್ಶಸ್ಸನ್ನೂ ಇರಿಸಿದನು. ಶತ್ರುವಿನಂತೆ ಹಿಂಸಿಸುವುದರಿಂದ ಅರ್ಶಸ್ಸೆಂಬ ಹೆಸರು ಬಂದಿತೆಂದು ಪ್ರಾಚೀನರ ನಿರ್ವಚನ. ನಮ್ಮ ಜನ ಅದನ್ನು ಮೂಲವ್ಯಾಧಿಯೆಂದರು. ಆ ಹೆಸರನ್ನೂ ಬಾಯಿಬಿಟ್ಟು ಹೇಳಲಾರದವರು “ಕುಂದ್ರಾಕ ಆಗವಲ್ದು” ಎಂದಿಷ್ಟೇ ನುಡಿದು ಸುಮ್ಮನಾಗುವರು. ಆ ಸುಮ್ಮನಾಗುವಿಕೆಯನ್ನು ಕುರಿತೇ ನಾನು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನನ್ನ ಬಾಳೆಲ್ಲವೂ ನಮ್ಮ ಜಿಲ್ಲೆಯ ನಾಲ್ಕು ಹಳೆಯ ತಾಲ್ಲೂಕುಗಳಲ್ಲಿಯೇ ಕಳೆಯಿತು. ಹುಟ್ಟಿದುದು ಯಲಬುರ್ಗಿಯ ಎರೆನೆಲದಲ್ಲಿ. ಪಾಠಶಾಲೆಯಲ್ಲಿ ಶಬ್ದ, ಧಾತು, ಅಮರಗಳನ್ನು ಕಂಠಪಾಠ ಮಾಡಿ, ತರ್ಕಶಾಸ್ತ್ರದ ಹೊಸ್ತಿಲನ್ನಷ್ಟೇ ಮೆಟ್ಟಿ, ಆಮೇಲೆ ಭಾಷಾಶಿಕ್ಷಕನಾಗಿ ಕುಷ್ಟಗಿ, ಗಂಗಾವತಿ, ಕೊಪ್ಪಳಗಳಲ್ಲಿ ಕೆಲಸಮಾಡಿ, 2018ರಲ್ಲಿ ನಿವೃತ್ತನಾದೆನು. ಯಲಬುರ್ಗಿ ಕುಷ್ಟಗಿಗಳ ಊಟವೆಂದರೆ ಜೋಳದ ರೊಟ್ಟಿ, ಚಳಿಗಾಲಕ್ಕೆ ಸಜ್ಜೆಯ ರೊಟ್ಟಿ, ಹೆಸರುಕಾಳು, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ, ಗುರೆಳ್ಳಿನ ಚಟ್ನಿ, ಕೊನೆಗೆ ಮಜ್ಜಿಗೆ. ಮಳೆ ಕೈಕೊಟ್ಟ ವರ್ಷಗಳಲ್ಲಿಯೂ ಆ ಊಟ ಹೊಟ್ಟೆಯನ್ನು ಕೆಡಿಸುತ್ತಿರಲಿಲ್ಲ. ಗಂಗಾವತಿಯ ಮಾತು ಬೇರೆ. ತುಂಗಭದ್ರೆಯ ಆಣೆಕಟ್ಟು 1953ರಲ್ಲಿ ಪೂರ್ಣಗೊಂಡ ಮೇಲೆ ಎಡದಂಡೆಯ ಕಾಲುವೆಯ ನೀರು ಹರಿದು ಆ ಸೀಮೆ ಬತ್ತದ ಕಣಜವಾಯಿತು. 1994ರಲ್ಲಿ ನನಗೆ ಅಲ್ಲಿಗೆ ವರ್ಗವಾದಾಗ ನೆಂಟರೆಲ್ಲರೂ ಅನ್ನದ ಊರಿಗೆ ಹೊರಟವನೆಂದು ನನ್ನನ್ನು ಅಭಿನಂದಿಸಿದರು.

ಅನ್ನವೇ ಆಯಿತು. ಬೆಳಿಗ್ಗೆ ಚಿತ್ರಾನ್ನ ಇಲ್ಲವೆ ಮಂಡಕ್ಕಿಯ ಒಗ್ಗರಣೆ, ಅದರ ಮಗ್ಗುಲಲ್ಲಿ ಎರಡು ಮಿರ್ಚಿ. ಮಧ್ಯಾಹ್ನ ಮಲ್ಲಿಗೆಯಂಥ ಬಿಳಿಯ ಅನ್ನ. ರಾತ್ರಿ ಮತ್ತೆ ಅದೇ. ರೊಟ್ಟಿ ಹಬ್ಬದ ಪದಾರ್ಥವಾಯಿತು. ನಡೆದು ಹೋಗುತ್ತಿದ್ದ ಶಾಲೆಗೆ ಬಸ್ಸಿನಲ್ಲಿ ಹೋಗತೊಡಗಿದೆನು. ಆ ಶಾಲೆಯಲ್ಲಿ ಬಳಸತಕ್ಕ ಶೌಚಗೃಹವಿರಲಿಲ್ಲ. ಹತ್ತು ಗಂಟೆಗೆ ಒಳಗೆ ಹೊಕ್ಕವನು ಐದರವರೆಗೆ ಎಲ್ಲ ವೇಗಗಳನ್ನೂ ತಡೆದುಕೊಂಡೇ ಇರಬೇಕು. ವೇಗ ಹುಟ್ಟಬಾರದೆಂದು ನೀರನ್ನೂ ಕುಡಿಯುತ್ತಿರಲಿಲ್ಲ. ಹುಟ್ಟಿದ ವೇಗಗಳನ್ನು ತಡೆಯಬಾರದೆಂದು ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಒಂದು ಅಧ್ಯಾಯವೇ ಇದೆಯೆಂದು ಬಲ್ಲವನು ನಾನು. ಬಲ್ಲವನಾಗಿ ಮಾಡಿದ ಪ್ರಯೋಜನವೇನು? ಎರಡು ವರ್ಷಗಳಲ್ಲಿ ಮಲಬದ್ಧತೆ ನೆಲೆಯೂರಿತು. 1996ರ ಬೇಸಗೆಯಲ್ಲಿ ಒಂದು ಬೆಳಿಗ್ಗೆ ರಕ್ತವನ್ನು ಕಂಡೆನು.

ಅಂದಿನಿಂದ ಎರಡು ವರ್ಷ ನಾನು ಯಾರೊಡನೆಯೂ ಮಾತೆತ್ತಲಿಲ್ಲ. ಕುರ್ಚಿಯಲ್ಲಿ ಕೂಡಲಾಗದೆ ನಿಂತೇ ಪಾಠ ಹೇಳುತ್ತಿದ್ದೆನು. ತಪಾಸಣೆಗೆ ಬಂದ ಅಧಿಕಾರಿಗಳೊಬ್ಬರು, ದಿನವಿಡೀ ನಿಂತು ಬೋಧಿಸುವ ಶ್ರದ್ಧಾವಂತ ಶಿಕ್ಷಕನೆಂದು ಪುಸ್ತಕದಲ್ಲಿ ಬರೆದು ಹೋದರು. ಆ ಪ್ರಶಂಸೆಯನ್ನು ಓದಿ ಸಹೋದ್ಯೋಗಿಗಳು ಕೈಕುಲುಕಿದಾಗ ನಾನು ನಕ್ಕೆನು, ನಗುವಾಗಲೂ ನೋಯುತ್ತಿತ್ತು. ಮನೆಯಲ್ಲಿ ಹೆಂಡತಿಗೂ ಹೇಳಲಿಲ್ಲ. ಧೋತರಗಳನ್ನು ನಾನೇ ಒಗೆದುಕೊಳ್ಳತೊಡಗಿದುದನ್ನು ಅವಳು ಕಂಡಳೇ ಹೊರತು ಕೇಳಲಿಲ್ಲ. ಬಸ್ ನಿಲ್ದಾಣದ ಗೋಡೆಗಳ ಮೇಲೆ, ಶಸ್ತ್ರಕ್ರಿಯೆಯಿಲ್ಲದೆ ಒಂದೇ ದಿನದಲ್ಲಿ ಗುಣ ಎಂದು ಬಣ್ಣದಲ್ಲಿ ಬರೆದ ವಿಳಾಸಗಳಿದ್ದುವು. ಅಂಥದೊಂದು ಬಾಗಿಲವರೆಗೆ ಎರಡು ಸಾರಿ ಹೋದೆನು. ಪರಿಚಿತರು ಕಂಡಾರೆಂದು ಎರಡು ಸಾರಿಯೂ ಹಿಂದಿರುಗಿದೆನು. ನನ್ನ ನಾಚಿಕೆಯಿಂದ ನನಗೆ ಒಳ್ಳೆಯದಾದುದು ಅದೊಂದೇ ಪ್ರಸಂಗದಲ್ಲಿ.

1998ರಲ್ಲಿ ಪಟ್ಟಣದ ಒಬ್ಬ ವೃದ್ಧ ಹೋಮಿಯೋಪತಿ ವೈದ್ಯರ ಬಳಿಗೆ ಹೋದೆನು. ಅಲ್ಲಿಗೆ ಹೋಗಲು ಮುಖ್ಯ ಕಾರಣ, ಆ ಪದ್ಧತಿಯಲ್ಲಿ ಬಟ್ಟೆ ಬಿಚ್ಚಿಸುವುದಿಲ್ಲವೆಂದು ಕೇಳಿದ್ದುದು. ನಿಜವಾಗಿ ಅವರು ಬಿಚ್ಚಿಸಿದುದು ನನ್ನ ಬಾಯಿಯನ್ನು. ಒಂದು ಗಂಟೆಯ ಹೊತ್ತು ಪ್ರಶ್ನೆ ಕೇಳಿದರು. ನಿದ್ರೆ ಹೇಗೆ, ಸಿಟ್ಟು ಬೇಗ ಬರುವುದೋ, ಖಾರ ಇಷ್ಟವೋ ಸಿಹಿಯೋ, ಬೆನ್ನುನೋವುಂಟೋ, ನೀರೆಷ್ಟು, ಚಹ ಎಷ್ಟು, ಶೌಚಕ್ಕೆ ಕುಳಿತು ಎಷ್ಟು ಹೊತ್ತು ತಿಣುಕುವಿರಿ. ಎರಡು ವರ್ಷದ ಗುಟ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ನನ್ನ ಅರ್ಧ ಭಾರ ಇಳಿದಿತ್ತು. ಅವರು ಕನ್ನಡಕವನ್ನು ತೆಗೆದಿಟ್ಟು, “ಮಾಸ್ತರ, ಗುಳಿಗಿ ನಾ ಕೊಡ್ತೀನ್ರಿ, ಆದರ ಪಥ್ಯ ನೀವು ಮಾಡಬೇಕು. ಎರಡೂ ಒಬ್ಬನ ಕೈಯಾಗಿಲ್ಲ” ಎಂದರು. ಆ ಮಾತಿನ ತೂಕ ನನಗೆ ತಿಳಿದುದು ಬಹಳ ವರ್ಷಗಳ ಮೇಲೆ.

ರಾತ್ರಿ ಮಲಗುವಾಗ ನಕ್ಸ್ ವೋಮಿಕಾ, ಬೆಳಿಗ್ಗೆ ಸಲ್ಫರ್. ಕೆಲವು ವಾರಗಳಾದ ಬಳಿಕ ಈಸ್ಕ್ಯುಲಸ್. ರಕ್ತ ಹೆಚ್ಚಾದರೆ ಹಮಾಮೆಲಿಸ್. ಹೆಸರುಗಳು ಪರದೇಶದವಾದರೂ ಮೊದಲನೆಯದು ನಮ್ಮ ಕಾಡಿನ ಕಾಸರಕವೇ, ಸಂಸ್ಕೃತದ ಕಾರಸ್ಕರ, ಎಂದು ತಿಳಿದಾಗ ನನಗೆ ಹಳೆಯ ನೆಂಟನನ್ನು ಕಂಡಂತಾಯಿತು. ಈ ಶಾಸ್ತ್ರವನ್ನು ಸ್ಥಾಪಿಸಿದ ಹಾನೆಮನ್ನನು ಜರ್ಮನಿಯ ಮೈಸೆನ್ನಿನಲ್ಲಿ 1755ರಲ್ಲಿ ಹುಟ್ಟಿ, 1810ರಲ್ಲಿ ‘ಆರ್ಗನನ್’ ಎಂಬ ಗ್ರಂಥವನ್ನು ಪ್ರಕಟಿಸಿ, 1843ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡನು. ಆರೋಗ್ಯವಂತನಲ್ಲಿ ಯಾವ ದ್ರವ್ಯ ಯಾವ ಲಕ್ಷಣವನ್ನು ಹುಟ್ಟಿಸುವುದೋ, ಅದನ್ನೇ ಅತ್ಯಲ್ಪವಾಗಿಸಿ ಕೊಟ್ಟರೆ ರೋಗಿಯಲ್ಲಿ ಅದೇ ಲಕ್ಷಣ ಶಮನವಾಗುವುದೆಂಬುದು ಆತನ ಮತ. ವಿಷಕ್ಕೆ ವಿಷವೇ ಮದ್ದೆಂದು ನಂಬಿದ ನಾಡಿಗೆ ಇದು ಬೇಗನೆ ಹಿಡಿಸಿತು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಎಂಬ ಜರ್ಮನ್ ಪಾದ್ರಿಗಳು 1880ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧವನ್ನು ಹಂಚತೊಡಗಿದರು, 1890ರಲ್ಲಿ ಕುಷ್ಠರೋಗಿಗಳಿಗಾಗಿ ಆಸ್ಪತ್ರೆ ಕಟ್ಟಿದರು, 1910ರಲ್ಲಿ ದಿವಂಗತರಾದರು. ಅವರ ಹೆಸರಿನ ಸಂಸ್ಥೆಯಲ್ಲಿ ಇಂದು ಹೋಮಿಯೋಪತಿಯ ವಿದ್ಯಾಲಯವೂ ಇದೆ, ಆಧುನಿಕ ವೈದ್ಯದ ವಿದ್ಯಾಲಯವೂ ಇದೆ. ಇದನ್ನು ವಾಚಕರು ನೆನಪಿನಲ್ಲಿಡಬೇಕು. ಒಂದು ಇನ್ನೊಂದನ್ನು ಓಡಿಸಲಿಲ್ಲ.

ಇನ್ನು ಪಥ್ಯ. ಒಂದು ಹೊತ್ತಾದರೂ ಜೋಳದ ರೊಟ್ಟಿ. ಪ್ರತಿ ಊಟದಲ್ಲಿ ಸೊಪ್ಪಿನ ಇಲ್ಲವೆ ಕಾಳಿನ ಪಲ್ಯ. ಮಿರ್ಚಿಗೂ ಹಸಿಯ ಖಾರಕ್ಕೂ ನಮಸ್ಕಾರ. ಎದ್ದೊಡನೆ ಎರಡು ಲೋಟ ನೀರು, ದಿನಕ್ಕೆ ಒಂದು ತಂಬಿಗೆಯ ಬದಲು ಮೂರು. ಮಧ್ಯಾಹ್ನ ತೆಳ್ಳಗಿನ ಮಜ್ಜಿಗೆ. ಮಲ ಗಟ್ಟಿಯಾದ ದಿನ ರಾತ್ರಿ ಇಸಬಗೋಲಿನ ಹೊಟ್ಟನ್ನು ತುಂಬ ನೀರಿನೊಡನೆ ಸೇವಿಸುವುದು. ವೇಗ ಬಂದೊಡನೆ ಏಳುವುದು; ಬಾರದಿದ್ದರೆ ತಿಣುಕದಿರುವುದು; ಪತ್ರಿಕೆ ಹಿಡಿದು ಶೌಚಗೃಹದಲ್ಲಿ ಕೂಡದಿರುವುದು. ಬೇನೆ ಹೆಚ್ಚಿದಾಗ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತುಂಬಿ ಹತ್ತು ಹದಿನೈದು ನಿಮಿಷ ಅದರಲ್ಲಿ ಕುಳಿತಿರುವುದು. ಸಂಜೆ ಕಾಲುವೆಯ ದಂಡೆಯ ಮೇಲೆ ಒಂದು ಹರದಾರಿಯಾದರೂ ನಡೆಯುವುದು. ಇವುಗಳಲ್ಲಿ ಮಜ್ಜಿಗೆಯನ್ನು ಚರಕನೂ ಅರ್ಶಶ್ಚಿಕಿತ್ಸೆಯ ಅಧ್ಯಾಯದಲ್ಲಿ ಬಹಳವಾಗಿ ಕೊಂಡಾಡಿದ್ದಾನೆ. ಆದುದರಿಂದ ಪಥ್ಯವನ್ನು ನಾನು ಶಾಸ್ತ್ರವೆಂದೇ ಭಾವಿಸಿ ನಡೆಸಿದೆನು. ಆರು ವಾರಗಳಲ್ಲಿ ರಕ್ತ ನಿಂತಿತು. ಮೂರು ತಿಂಗಳಲ್ಲಿ ನಾನು ಕುರ್ಚಿಯ ಮೇಲೆ ಕುಳಿತು ಪಾಠ ಹೇಳಿದೆನು.

ಗುಣವಾದವನಿಗೆ ಗರ್ವ ಬಾರದಿರುವುದು ಕಷ್ಟ. ನಾನೂ ಒಂದು ಮರದ ಪೆಟ್ಟಿಗೆ ಕೊಂಡೆನು. ಅದರಲ್ಲಿ ಸಣ್ಣ ಸೀಸೆಗಳು, ಬಿಳಿಯ ಗುಳಿಗೆಗಳು. ಬಳಿಕ ನನ್ನ ಸೇವೆ ಎಲ್ಲಿ ನಡೆದರೂ ಆ ಓಣಿಗೆ ನಾನು ಅರ್ಧ ವೈದ್ಯ. ನೆಗಡಿಗೆ, ಕೆಮ್ಮಿಗೆ, ಮಕ್ಕಳ ಹೊಟ್ಟೆನೋವಿಗೆ ಜನ ಬರುವರು. ಹಣ ಮುಟ್ಟುತ್ತಿರಲಿಲ್ಲ, ಹೊಗಳಿಕೆಯನ್ನು ಬಿಡುತ್ತಿರಲಿಲ್ಲ. ಮೂಲವ್ಯಾಧಿಯವರು ಕತ್ತಲಾದ ಮೇಲೆ ಬಂದು, ತಮ್ಮ ಅಣ್ಣನಿಗೋ ಭಾವನಿಗೋ ಆಗಿದೆಯೆಂದು ಹೇಳಿ ಗುಳಿಗೆ ಒಯ್ಯುವರು. ನಾನೂ ಅಣ್ಣನನ್ನೇ ವಿಚಾರಿಸಿ ಕಳುಹಿಸುತ್ತಿದ್ದೆನು. ಗುಳಿಗೆಯನ್ನು ಕೊಟ್ಟೆನು, ಆ ವೃದ್ಧರು ಕೇಳಿದ ಒಂದು ಗಂಟೆಯ ಪ್ರಶ್ನೆಗಳನ್ನು ಮಾತ್ರ ಕೇಳಲಿಲ್ಲ.

ಹೀಗಿರಲು 2019ರ ಬೇಸಗೆಯಲ್ಲಿ ಬಂಧುಗಳ ಮನೆಯ ಮದುವೆಗಳಲ್ಲಿ ಒಂದು ತಿಂಗಳು ಊರೂರು ಅಲೆದೆನು. ಗುಳಿಗೆಗಳು ಜೇಬಿನಲ್ಲಿದ್ದುವು, ಒಂದು ದಿನವೂ ತಪ್ಪಲಿಲ್ಲ. ಪಥ್ಯ ಮಾತ್ರ ಮದುವೆಯ ಊಟದಲ್ಲಿ ಮುಳುಗಿಹೋಯಿತು. ತಿಂಗಳ ಕೊನೆಗೆ ಹಳೆಯ ಶತ್ರು ಮರಳಿ ಬಂದನು. ಮರುವರ್ಷ ಮಾರ್ಚಿಯಲ್ಲಿ ಕೊರೋನಾ ನಿಮಿತ್ತ ದೇಶವೇ ಮುಚ್ಚಿತು. ಪೆಟ್ಟಿಗೆಯ ಸೀಸೆಗಳು ಬರಿದಾದುವು, ತರಿಸಲು ಉಪಾಯವಿರಲಿಲ್ಲ. ಹೊರಗೆ ಹೋಗುವಂತಿಲ್ಲದ ಕಾರಣ ಮನೆಯ ರೊಟ್ಟಿ, ಮನೆಯ ಮಜ್ಜಿಗೆ, ಮಾಳಿಗೆಯ ಮೇಲೆ ನಡಿಗೆ. ಐದು ತಿಂಗಳು ಒಂದು ಗುಳಿಗೆಯೂ ಇಲ್ಲದೆ ನಾನು ನಿರೋಗಿಯಾಗಿದ್ದೆನು.

ಪಾಠಶಾಲೆಯಲ್ಲಿ ತರ್ಕವನ್ನು ಹೇಳಿಕೊಟ್ಟ ಗುರುಗಳು ಅನ್ವಯವ್ಯತಿರೇಕಗಳನ್ನು ಬೆರಳು ಮಡಿಸಿ ಕಲಿಸಿದ್ದರು. ಯಾವುದು ಇದ್ದರೆ ಕಾರ್ಯವುಂಟೋ, ಯಾವುದು ಇಲ್ಲದಿದ್ದರೆ ಕಾರ್ಯವಿಲ್ಲವೋ, ಅದೇ ಕಾರಣ. ಗುಳಿಗೆ ಇತ್ತು, ಪಥ್ಯವಿರಲಿಲ್ಲ, ಆರೋಗ್ಯವಿರಲಿಲ್ಲ. ಪಥ್ಯವಿತ್ತು, ಗುಳಿಗೆ ಇರಲಿಲ್ಲ, ಆರೋಗ್ಯವಿತ್ತು. ಇನ್ನು ನಿರ್ಣಯಕ್ಕೆ ಯಾವ ಪಂಡಿತನು ಬೇಕು? ಒಬ್ಬನ ದೇಹದಲ್ಲಿ ನಡೆದುದು ಲೋಕಕ್ಕೆಲ್ಲ ಪ್ರಮಾಣವಾಗದೆಂದು ಬಲ್ಲೆನಾದುದರಿಂದ ಬಲ್ಲವರು ಬರೆದುದನ್ನೂ ಓದಿದೆನು. ಒಂದು ಪಾಲು ಔಷಧಕ್ಕೆ ತೊಂಬತ್ತೊಂಬತ್ತು ಪಾಲು ದ್ರವ ಬೆರೆಸಿ, ಹಾಗೆ ಮೂವತ್ತು ಸಾರಿ ಮಾಡಿದರೆ ಮೂವತ್ತರ ಶಕ್ತಿಯ ಔಷಧವಾಗುವುದು. ಲೆಕ್ಕ ಹಾಕಿದರೆ ಹನ್ನೆರಡನೆಯ ಸಾರಿಯ ಹೊತ್ತಿಗೇ ಮೂಲದ್ರವ್ಯದ ಒಂದು ಅಣುವೂ ಉಳಿಯುವ ಸಂಭವವಿಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಸಂಶೋಧನಾ ಮಂಡಲಿಯು 2015ರಲ್ಲಿ, ಹೋಮಿಯೋಪತಿಯಿಂದ ಗುಣವಾಗುವುದೆಂದು ನಂಬತಕ್ಕ ಆಧಾರವಿರುವ ಕಾಯಿಲೆ ಯಾವುದೂ ಇಲ್ಲವೆಂದು ಅಭಿಪ್ರಾಯಪಟ್ಟಿತು. ನಾರಿನ ವಿಷಯ ಹಾಗಲ್ಲ. ಏಳು ಪರೀಕ್ಷೆಗಳನ್ನು ಕೂಡಿಸಿ ನೋಡಿದ ವೈದ್ಯರು, ನಾರಿನ ಸೇವನೆಯಿಂದ ಮೂಲವ್ಯಾಧಿಯ ರಕ್ತಸ್ರಾವದ ಸಂಭವ ಸುಮಾರು ಅರ್ಧದಷ್ಟು ಕಡಿಮೆಯಾಗುವುದನ್ನು ಕಂಡಿದ್ದಾರೆ. ನನ್ನನ್ನು ಗುಣಪಡಿಸಿದುದು ಯಲಬುರ್ಗಿಯ ರೊಟ್ಟಿಯೇ. ಸಕ್ಕರೆಯ ಗುಳಿಗೆ ಅದನ್ನು ನನ್ನ ತಟ್ಟೆಗೆ ಮರಳಿ ಕರೆತಂದಿತಷ್ಟೆ.

ಇಷ್ಟಕ್ಕೇ ಲೇಖನ ಮುಗಿದಿದ್ದರೆ ನನಗೆ ಸುಖವಾಗಿತ್ತು. ಈ ನಿರ್ಣಯಕ್ಕೆ ನಾನು ಬಂದುದು 2020ರಲ್ಲಿ; ಬಂದವನು ಯಾರಿಗೂ ಹೇಳಲಿಲ್ಲ. ಇಪ್ಪತ್ತು ವರ್ಷ ಗುಳಿಗೆ ಹಂಚಿದವನು ಇನ್ನು ಗುಳಿಗೆ ಬೇಡವೆಂದು ಯಾವ ಮುಖದಿಂದ ಹೇಳಲಿ? ಅಂಗಡಿಗಳು ತೆರೆದ ಮೇಲೆ ಸೀಸೆಗಳನ್ನು ಮತ್ತೆ ತುಂಬಿಸಿದೆನು. ಪೆಟ್ಟಿಗೆ ಗೂಡಿನಲ್ಲಿ ತನ್ನ ಸ್ಥಾನಕ್ಕೆ ಮರಳಿತು.

2023ರ ಜನವರಿ. ಗವಿಮಠದ ಜಾತ್ರೆಗೆ ಒಂದು ವಾರವಿತ್ತು. ಆ ಜಾತ್ರೆಯ ಮಹಾದಾಸೋಹಕ್ಕೆ ನಮ್ಮ ಸುತ್ತಿನ ಹಳ್ಳಿಗಳ ಹೆಣ್ಣುಮಕ್ಕಳು ರೊಟ್ಟಿ ಬಡಿದು ಬಂಡಿಗಟ್ಟಲೆ ಕಳುಹಿಸುವುದನ್ನು ವಾಚಕರು ಬಲ್ಲರು. ನಮ್ಮ ಓಣಿಯ ಹೆಂಗಸರೂ ಒಂದು ಅಂಗಳದಲ್ಲಿ ಒಲೆ ಹೂಡಿದ್ದರು. ನನ್ನ ಗೃಹಿಣಿ ಕೊಣಮಿಗೆಯ ಮುಂದೆ ಕುಳಿತವಳು ಹಾಗೆಯೇ ಪಕ್ಕಕ್ಕೆ ಒರಗಿದಳು. ಮುಖ ಅವಳೆದುರಿನ ಹಿಟ್ಟಿನ ಬಣ್ಣಕ್ಕೆ ತಿರುಗಿತ್ತು. ಆಸ್ಪತ್ರೆಯಲ್ಲಿ ರಕ್ತವನ್ನು ಪರೀಕ್ಷಿಸಿದರು. ಹೆಂಗಸರಿಗೆ ಹನ್ನೆರಡು ಗ್ರಾಮಾದರೂ ಇರಬೇಕಾದ ಹಿಮೋಗ್ಲೋಬಿನ್ ಆರಕ್ಕಿಂತಲೂ ಕಡಿಮೆಯಿತ್ತು. ರಕ್ತ ಎಲ್ಲಿ ಹೋಗುತ್ತಿದೆಯೆಂದು ತರುಣ ವೈದ್ಯೆ ಕೇಳಿದಾಗ ಅವಳು ನನ್ನನ್ನು ಹೊರಗೆ ಹೋಗೆಂದು ಕಣ್ಣಿನಿಂದಲೇ ಸನ್ನೆಮಾಡಿದಳು. ಮೂವತ್ತೊಂಬತ್ತು ವರ್ಷ ಕೂಡಿ ಬಾಳಿದವನು ನಾನು, ಹೊರಗೆ ಹೋದೆನು.

ಎರಡು ವರ್ಷಗಳಿಂದ ರಕ್ತ ಹೋಗುತ್ತಿತ್ತು. ಒಳಗಿನ ಗಂಟುಗಳು ಹೊರಬಿದ್ದು ಕೈಯಿಂದ ಒಳಗೆ ತಳ್ಳಬೇಕಾದ ಮೂರನೆಯ ಮಟ್ಟಕ್ಕೆ ರೋಗ ಮುಟ್ಟಿತ್ತು. ಎರಡು ವರ್ಷವೂ ಅವಳು ಔಷಧ ತೆಗೆದುಕೊಳ್ಳುತ್ತಿದ್ದಳು. ಯಾವ ಔಷಧ? ನಾನು ನಿದ್ರೆಹೋದ ಮೇಲೆ ಎದ್ದು ನನ್ನ ಪೆಟ್ಟಿಗೆಯಿಂದ, ನಾನು ತೆಗೆದುಕೊಳ್ಳುವುದನ್ನು ಕಂಡಿದ್ದ ಸೀಸೆಯಿಂದ, ನಾಲ್ಕು ಗುಳಿಗೆ. ಸಾರವಿಲ್ಲವೆಂದು ನಾನು ಒಳಗೊಳಗೇ ನಿರ್ಣಯಿಸಿದ್ದ ಅದೇ ಗುಳಿಗೆ. ನನ್ನ ಮಾತು ಬಾಯಿಂದ ಹೊರಟಿದ್ದರೆ ಅವಳ ಕೈ ಆ ಪೆಟ್ಟಿಗೆಗೆ ಹೋಗುತ್ತಿರಲಿಲ್ಲ.

ಹುಬ್ಬಳ್ಳಿಯಲ್ಲಿ ಎರಡು ಸೀಸೆ ರಕ್ತ ಕೊಟ್ಟರು. ಐವತ್ತು ದಾಟಿದವರಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದೇ ನಂಬಿಬಿಡಬಾರದು, ಕರುಳಿನ ಅರ್ಬುದವೂ ಹೀಗೆಯೇ ಮುಖ ತೋರಿಸುವುದೆಂದು ಹೇಳಿ, ದೊಡ್ಡಕರುಳನ್ನು ದುರ್ಬೀನಿನಿಂದ ನೋಡಿದರು. ಆ ಪರೀಕ್ಷೆಯ ಕೋಣೆಯ ಹೊರಗೆ ಕುಳಿತ ಮುಕ್ಕಾಲು ಗಂಟೆಯಲ್ಲಿ ನಾನು ಯಾವ ಸ್ತೋತ್ರವನ್ನೂ ನೆನೆಯಲಿಲ್ಲ. ಎರಡು ವರ್ಷದಲ್ಲಿ ಎಷ್ಟು ರಾತ್ರಿಗಳೆಂದು ಎಣಿಸುತ್ತಿದ್ದೆನು. ಅರ್ಬುದವಿರಲಿಲ್ಲ. ರಕ್ತ ತುಂಬಿಕೊಂಡ ಮೇಲೆ ಶಸ್ತ್ರಕ್ರಿಯೆಯಾಯಿತು. ಔಷಧ, ಕ್ಷಾರ, ಅಗ್ನಿ, ಶಸ್ತ್ರ ಎಂದು ಸುಶ್ರುತನು ಹೇಳಿದ ನಾಲ್ಕು ಉಪಾಯಗಳಲ್ಲಿ ಕೊನೆಯದೇ ಅವಳ ಪಾಲಿಗೆ ಬಂದಿತು. ಈಗ ಅವಳು ಚೆನ್ನಾಗಿದ್ದಾಳೆ.

ಮನೆಗೆ ಬಂದ ಮೇಲೆ ಒಂದು ಸಂಜೆ ಕೇಳಿದೆನು, ನನಗೇಕೆ ಹೇಳಲಿಲ್ಲವೆಂದು. ಅವಳು ಸೊಪ್ಪು ಸೋಸುತ್ತಿದ್ದವಳು ತಲೆಯೆತ್ತದೆಯೇ, “ಇದು ಹೇಳೋ ಮಾತೇನ್ರಿ? ನೀವರ ನಿಮ್ಮದನ್ನ ನನಗ ಎಂದರ ಹೇಳಿದ್ರೇನು?” ಎಂದಳು. ಎಷ್ಟೋ ವಾಕ್ಯಾರ್ಥಸಭೆಗಳಲ್ಲಿ ಕುಳಿತಿದ್ದೇನೆ. ಇಂಥ ನಿರುತ್ತರನಾದುದು ಇನ್ನಿಲ್ಲ. ನಾಚಿಕೆಯ ಪಾಠವನ್ನು ಅವಳಿಗೆ ಕಲಿಸಿದ ಮಾಸ್ತರನು ನಾನೇ ಆಗಿದ್ದೆನು.

ಆದರೆ ಪಾಠ ನನ್ನಿಂದಲೇ ಆರಂಭವಾದುದೂ ಅಲ್ಲ. ಅಂದಿನ ಮಾತು ಮುಂದುವರಿದು ಅವಳು ಹೇಳಿದಳು: ಕುಷ್ಟಗಿಯ ಕಡೆಯ ಹಳ್ಳಿಯಲ್ಲಿ ನಾವು ಸಂಸಾರ ಹೂಡಿದಾಗ ಮನೆಯಲ್ಲಿ ಶೌಚಾಲಯವಿರಲಿಲ್ಲ. ಹೆಂಗಸರು ಬೆಳಗಿನ ನಸುಕಿನಲ್ಲಿ ಇಲ್ಲವೆ ದೀಪ ಹಚ್ಚಿದ ಮೇಲೆ ಬಯಲಿಗೆ ಹೋಗಬೇಕು. ಹಗಲಿನಲ್ಲಿ ಬಂದ ವೇಗವನ್ನು ಕತ್ತಲಾಗುವವರೆಗೆ ತಡೆಯಬೇಕು. ಅದಕ್ಕಾಗಿ ಉಣ್ಣುವುದನ್ನೂ ಕುಡಿಯುವುದನ್ನೂ ಕಡಿಮೆಮಾಡಬೇಕು. ರಸ್ತೆಯಲ್ಲಿ ಗಾಡಿಯ ಬೆಳಕು ಬಿದ್ದರೆ ನಡುವೆಯೇ ಎದ್ದು ನಿಲ್ಲಬೇಕು. ಒಂದು ಶಾಲೆಯಲ್ಲಿ ಕೆಲವು ವರ್ಷ ನಾನು ಪಟ್ಟ ಪಾಡನ್ನು ಅವಳು ಹದಿನಾಲ್ಕು ವರ್ಷ ಪಟ್ಟಿದ್ದಳು. ಅದರೊಡನೆ ಮೂರು ಬಸಿರು, ಮೂರು ಬಾಣಂತನ. ನಮ್ಮ ಜಿಲ್ಲೆಯ ಹದಿನಾರು ವರ್ಷದ ಒಬ್ಬ ಬಾಲಿಕೆ ಮನೆಯಲ್ಲಿ ಶೌಚಾಲಯ ಕಟ್ಟಿಸಬೇಕೆಂದು 2016ರಲ್ಲಿ ಅನ್ನ ಬಿಟ್ಟು ಕುಳಿತು ಗೆದ್ದಳು; ಪ್ರಧಾನಮಂತ್ರಿಗಳು ತಮ್ಮ ರೇಡಿಯೋ ಭಾಷಣದಲ್ಲಿ ಅವಳನ್ನು ಕೊಂಡಾಡಿದರು. ಅಂದು ಆ ಸುದ್ದಿಯನ್ನು ಓದಿ ಹುಡುಗಿಯ ಹಟವನ್ನು ಮೆಚ್ಚಿದ್ದೆನು. ಅದು ಹಟವಲ್ಲ, ಬಾಯಿಬಿಟ್ಟು ಹೇಳುವ ಧೈರ್ಯವೆಂದು ಈಗ ತಿಳಿಯುತ್ತದೆ.

ಹೋಮಿಯೋಪತಿಯನ್ನು ನಿಂದಿಸುವುದಕ್ಕಾಗಿ ನಾನು ಇದನ್ನು ಬರೆದುದಲ್ಲ. ಆ ವೃದ್ಧ ವೈದ್ಯರು ಕೇಳಿದ ಪ್ರಶ್ನೆಗಳಿಗೂ ಹಾಕಿದ ಪಥ್ಯಕ್ಕೂ ನಾನು ಋಣಿ. ಆದರೆ ಗುಳಿಗೆಯ ಮರೆಯಲ್ಲಿ ರಕ್ತವನ್ನು ಬಚ್ಚಿಡಬಾರದು. ರಕ್ತ ಮತ್ತೆ ಮತ್ತೆ ಕಂಡರೆ, ಮಲ ಕಪ್ಪಾದರೆ, ಮಲದ ಅಭ್ಯಾಸ ಕಾರಣವಿಲ್ಲದೆ ಬದಲಾದರೆ, ಮೈ ಇಳಿದರೆ, ಏದುಸಿರು ಬಂದರೆ ವೈದ್ಯರ ಕಣ್ಣಿಗೆ ತೋರಿಸಿಯೇ ತೀರಬೇಕು. ಆರಂಭದ ಹಂತದಲ್ಲಿ ರೊಟ್ಟಿ, ಸೊಪ್ಪು, ನೀರು, ನಡಿಗೆಗಳೇ ಬಹುಮಟ್ಟಿಗೆ ಸಾಕು. ಮುಂದಿನ ಹಂತಕ್ಕೆ ಬೇರೆ ಉಪಾಯಗಳಿವೆ. ಅವುಗಳಲ್ಲಿ ಎಷ್ಟೋ ಈಗ ಒಂದು ದಿನದ ಕೆಲಸ. ಮೂಲವ್ಯಾಧಿಯ ಮೂಲವನ್ನು ಗ್ರಂಥಗಳು ಮಂದಾಗ್ನಿಯಲ್ಲಿಯೂ ವೇಗಧಾರಣದಲ್ಲಿಯೂ ಹೇಳಿವೆ. ಎಲ್ಲ ವೇಗಗಳಲ್ಲಿ ಮಾತಿನ ವೇಗವೂ ಒಂದೆಂದು ನನಗೆ ತೋರುತ್ತದೆ. ಅದನ್ನು ತಡೆದಾಗ ಹುಟ್ಟುವ ರೋಗಕ್ಕೆ ಯಾವ ಸಂಹಿತೆಯಲ್ಲಿಯೂ ಅಧ್ಯಾಯವನ್ನು ನಾನು ಕಾಣೆ.

ಪೆಟ್ಟಿಗೆ ಈಗಲೂ ಗೂಡಿನಲ್ಲಿದೆ. ಸೀಸೆಗಳನ್ನು ತೆಗೆದುಹಾಕಿದೆನು, ಅವಳು ಅದರಲ್ಲಿ ಇಸಬಗೋಲಿನ ಪೊಟ್ಟಣವನ್ನೂ ತನ್ನ ಕಬ್ಬಿಣಾಂಶದ ಮಾತ್ರೆಗಳನ್ನೂ ಇಡುತ್ತಾಳೆ. ಕತ್ತಲಾದ ಮೇಲೆ ಈಗಲೂ ಒಮ್ಮೊಮ್ಮೆ ಯಾರಾದರೂ ಬಂದು ಅಣ್ಣನ ಬೇನೆಗೆ ಗುಳಿಗೆ ಕೇಳುತ್ತಾರೆ. ಕೂಡಿಸಿ ಮಜ್ಜಿಗೆ ಕೊಟ್ಟು, ಅಣ್ಣನ ಮಾತು ಆಮೇಲಾಗಲಿ, ನನ್ನ ಕಥೆಯನ್ನು ಮೊದಲು ಕೇಳಿರೆಂದು ಹೇಳುತ್ತೇನೆ. ನನ್ನ ಕಥೆ ಮುಗಿಯುವಷ್ಟರಲ್ಲಿ ಅಣ್ಣನು ಮರೆಯಾಗಿ, ಬಂದವರು ತಮ್ಮ ಕಥೆಯನ್ನು ಆರಂಭಿಸಿರುತ್ತಾರೆ.